ಹಮೀದನ ಸೈಕಲ್ಲಿಗೆ ನಾನು ಮಾಡಿದ ಉಪಕಾರ

ಪುಸ್ತಕದ ಹಾಳೆಯ ಮೂಲೆ ಮಡಚುವವರನ್ನು ಕಂಡರೆ ನನಗಾಗುವುದಿಲ್ಲ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಇಪ್ಪತ್ತೇಳು ವರ್ಷಗಳಿಂದ ಗ್ರಂಥಪಾಲಕನಾಗಿರುವ ನನಗೆ ಇದೊಂದು ಕಾಯಿಲೆಯ ಹಾಗೆ ಅಂಟಿಕೊಂಡಿದೆ. ಹಾಳೆ ಮಡಚಿದವರು, ಅಂಚಿನಲ್ಲಿ ‘ಮುಖ್ಯ’ ಎಂದು ಬರೆದವರು, ಪೆನ್ಸಿಲಿನಲ್ಲಿ ಗೆರೆ ಎಳೆದು ಆಮೇಲೆ ರಬ್ಬರಿನಿಂದ ಉಜ್ಜಿ ಅಕ್ಷರವನ್ನೇ ಮಾಯ ಮಾಡಿದವರು, ಎಲ್ಲರನ್ನೂ ನನ್ನ ಮೇಜಿನ ಮುಂದೆ ನಿಲ್ಲಿಸಿ “ಇದು ನಿಮ್ಮ ಪುಸ್ತಕವಾ?” ಎಂದು ಕೇಳುವುದು ನನ್ನ ಪದ್ಧತಿ. ಅವರು ತಲೆ ತಗ್ಗಿಸಿ “ಅಲ್ಲ ಸಾರ್” ಎನ್ನಬೇಕು. ಅಷ್ಟಾದ ಮೇಲೆ ಪರರ ವಸ್ತುವನ್ನು ಹೇಗೆ ನೋಡಿಕೊಳ್ಳಬೇಕು ಎಂಬ ವಿಷಯದಲ್ಲಿ ನನ್ನದು ಹತ್ತು ನಿಮಿಷದ ಉಪದೇಶ. ಈ ಉಪದೇಶ ಕೇಳಿದವರಲ್ಲಿ ಕೆಲವರು ಈಗ ವಕೀಲರಾಗಿದ್ದಾರೆ, ಒಬ್ಬರು ನಮ್ಮ ಕಾಲೇಜಿನಲ್ಲೇ ಪ್ರಾಧ್ಯಾಪಕರು. ಅವರು ಯಾರೂ ಈ ಬರಹವನ್ನು ಓದದಿರಲಿ ಎಂದು ಹಾರೈಸುತ್ತೇನೆ. ಏಕೆಂದರೆ ಇಂಥ ನಾನೇ, ನನ್ನನ್ನು ನಂಬಿ ಗೆಳೆಯನೊಬ್ಬ ಬಿಟ್ಟುಹೋದ ಸೈಕಲ್ಲಿನ ಹ್ಯಾಂಡಲನ್ನು ಗರಗಸ ಹಾಕಿ ಕೊಯ್ಯಿಸಿದೆ. ಅದೂ ಸುಳ್ಳು ಹೇಳಿ.

ಗೆಳೆಯನ ಹೆಸರು ಹಮೀದ್. ಮೂಲತಃ ಬಂಟ್ವಾಳದ ಬ್ಯಾರಿ ಕುಟುಂಬ. ಅವನ ತಂದೆಗೆ ಮೂಡುಬಿದಿರೆಯಲ್ಲಿ ಜವಳಿ ಅಂಗಡಿ ಇದ್ದುದರಿಂದ ನಾವಿಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ಆ ಕಾಲದಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆ ಸೈಕಲ್ ಸಿಗುತ್ತಿತ್ತು. ಎಂಟನೇ ತರಗತಿಯಲ್ಲಿದ್ದಾಗ ಒಂದು ಭಾನುವಾರ ನಾವಿಬ್ಬರೂ ಒಂದೇ ಸೈಕಲ್ಲಿನಲ್ಲಿ ಉಜಿರೆ ನೋಡಿಬರುತ್ತೇವೆಂದು ಹೊರಟವರು ವೇಣೂರಿನಲ್ಲಿ ತಿರುಗಿ ಬಂದಿದ್ದೆವು. ಸೈಕಲ್ ಕೆಡಲಿಲ್ಲ, ಕಾಲು ಸೋಲಲಿಲ್ಲ. ನಮ್ಮದು ಜೈನರ ಮನೆ, ಸೂರ್ಯ ಮುಳುಗುವ ಮುಂಚೆ ನಾನು ಊಟಕ್ಕೆ ಹಾಜರಿರಬೇಕಿತ್ತು. “ನಿನ್ನ ಊಟದ ದೆಸೆಯಿಂದ ನನ್ನ ಉಜಿರೆ ತಪ್ಪಿತು” ಎಂದು ಹಮೀದ್ ನಲವತ್ತು ವರ್ಷಗಳಿಂದ ಹೇಳುತ್ತಾ ಬಂದಿದ್ದಾನೆ. ಆಮೇಲೆ ಅವನು ಶಾರ್ಜಾಕ್ಕೆ ಹೋಗಿ ಗೋದಾಮೊಂದರ ಉಸ್ತುವಾರಿಯಾದ. ನಾನು ಕಪಾಟುಗಳ ನಡುವೆ ಕೂತೆ. ಎರಡು ಮೂರು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗಲೆಲ್ಲ ಅವನ ಮೊದಲ ಮಾತು, “ಈ ಸಲ ಉಜಿರೆಗೆ ಹೋಗುವ ಮಾರಾಯ.” ಮದುವೆ, ಮುಂಜಿ, ಆಸ್ಪತ್ರೆ, ಕೋರ್ಟು ಎಂದು ರಜೆ ಮುಗಿದುಹೋಗುತ್ತಿತ್ತು.

ಮೂರು ವರ್ಷಗಳ ಹಿಂದೆ ಅವನು ಬಂದಾಗ ಸಾಮಾನಿನ ದೊಡ್ಡ ಪೆಟ್ಟಿಗೆಯಲ್ಲಿ ಒಂದು ಸೈಕಲ್ ಕೂಡ ಬಂತು. ಅದರ ಜಾತಿ ಸೈಕ್ಲೋಕ್ರಾಸ್ ಅಂತೆ. ನೋಡಲು ರೇಸಿನ ಸೈಕಲ್ಲಿನ ಹಾಗೆಯೇ ಸಪೂರ, ಹ್ಯಾಂಡಲು ಕಂಬಳದ ಕೋಣದ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ್ದು. ಆದರೆ ಟಯರಿಗೆ ಮುಳ್ಳುಮುಳ್ಳಿನ ಹಲ್ಲು. ಕೆಸರು, ಹುಲ್ಲು, ಮರಳು ಎಲ್ಲದರಲ್ಲೂ ಓಡುತ್ತದೆ, ಓಡದ ಕಡೆ ಸವಾರನೇ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಬೇಕು, ಅದೇ ಅದರ ಸ್ಪರ್ಧೆ ಎಂದು ಹಮೀದ್ ವಿವರಿಸಿದ. ಸೈಕಲನ್ನು ಹೊತ್ತು ಓಡುವುದೇ ಆದರೆ ಸೈಕಲ್ ಯಾಕೆ ಎಂದು ನನ್ನ ಹೆಂಡತಿ ವಿಜಯಾ ಕೇಳಿದಳು. ಆ ಪ್ರಶ್ನೆಗೆ ಇವತ್ತಿಗೂ ನಮ್ಮ ಮನೆಯಲ್ಲಿ ಉತ್ತರ ಸಿಕ್ಕಿಲ್ಲ. ಹಮೀದ್ ಅಲ್ಲಿ ರಜಾದಿನದ ಬೆಳಗ್ಗೆ ಮರಳುದಾರಿಯಲ್ಲಿ ಇದನ್ನೇ ಓಡಿಸುತ್ತಿದ್ದನಂತೆ. ಸೀಟು, ಹ್ಯಾಂಡಲು, ಬ್ರೇಕಿನ ಹಿಡಿ ಎಲ್ಲವನ್ನೂ ಬಲ್ಲವರೊಬ್ಬರ ಕೈಯಲ್ಲಿ ತನ್ನ ಮೈಗೆ ಅಳೆದು ಕೂರಿಸಿಕೊಂಡಿದ್ದ. ಸೀಟಿನ ಕಂಬಕ್ಕೆ ಎತ್ತರದ ಗುರುತಾಗಿ ಕೆಂಪು ಟೇಪು ಸುತ್ತಿತ್ತು.

ಆ ರಜೆಯೂ ಯಾರದೋ ಆಸ್ಪತ್ರೆಯಲ್ಲಿ ಮುಗಿಯಿತು. ಹೊರಡುವ ಮುನ್ನಾದಿನ ಸೈಕಲ್ಲನ್ನು ನಮ್ಮ ಮನೆಗೆ ತಂದ. ಬಂಟ್ವಾಳದ ಅವನ ಮನೆಯಲ್ಲಿ ಅಣ್ಣತಮ್ಮಂದಿರ ಮಕ್ಕಳು ಒಟ್ಟು ಹನ್ನೊಂದು ಮಂದಿ. “ಅಲ್ಲಿಟ್ಟರೆ ತಿಂಗಳೊಳಗೆ ಬೆಲ್ ಮಾತ್ರ ಉಳಿಯುವುದು” ಎಂದ. ಅದಕ್ಕೆ ಬೆಲ್ಲೇ ಇರಲಿಲ್ಲ. “ನೀನಾದರೆ ಪುಸ್ತಕಕ್ಕೆ ಬೈಂಡು ಹಾಕಿ ಇಡುವವನು. ನಿನ್ನ ಕೈಯಲ್ಲಿದ್ದರೆ ಹೊಸತಾಗಿಯೇ ಇರ್ತದೆ. ವಾರಕ್ಕೆ ಎರಡು ಸಲ ಓಡಿಸು, ನಿಂತರೆ ಹಾಳಾಗ್ತದೆ. ಬೇಕಾದರೆ ಸೀಟು ತಗ್ಗಿಸಿಕೋ, ಅಡ್ಡಿ ಇಲ್ಲ. ಮುಂದಿನ ಸಲ ಬಂದದ್ದೇ ಉಜಿರೆ. ಅಲ್ಲಿಂದ ಬೆಳ್ತಂಗಡಿ, ಬಂಟ್ವಾಳ ಮಾಡಿ ಕಲ್ಲಡ್ಕದಲ್ಲಿ ಚಾ ಕುಡಿಯುವ. ನಿನ್ನ ಊಟ ಬೇಕಾದರೆ ಕಟ್ಟಿಕೊಂಡು ಬಾ” ಎಂದ.

ಅವನು ಕೊಟ್ಟ ಪರವಾನಗಿ ಸೀಟು ತಗ್ಗಿಸಲು ಮಾತ್ರ. ಅದನ್ನು ನಾನು ಮೊದಲ ದಿನವೇ ಉಪಯೋಗಿಸಿದೆ. ಹಮೀದ್ ನನಗಿಂತ ಅರ್ಧ ಅಡಿ ಎತ್ತರ, ಅದರಲ್ಲಿ ಹೆಚ್ಚಿನದು ಕಾಲು. ಸೀಟು ತಗ್ಗಿಸಿ, ಕೆಂಪು ಟೇಪಿನ ಅಂಟು ಕೈಗೆ ಹತ್ತುತ್ತದೆಂದು ಟೇಪು ಕಿತ್ತು ಸೀಮೆಎಣ್ಣೆ ಹಚ್ಚಿ ಒರೆಸಿ ಸ್ವಚ್ಛ ಮಾಡಿದೆ. ಮರುದಿನ ಪುತ್ತಿಗೆಯವರೆಗೆ ಹೋಗಿಬಂದೆ. ಬಂದ ಮೇಲೆ ಎರಡು ದಿನ ಗ್ರಂಥಾಲಯದಲ್ಲಿ ನಿಂತುಕೊಂಡೇ ಪುಸ್ತಕ ಕೊಟ್ಟೆ. ಆ ಸೀಟು ಎಂಬುದು ಹೆಸರಿಗೆ ಸೀಟು, ಅಗಲದಲ್ಲಿ ನಮ್ಮ ಮನೆಯ ದೋಸೆ ಮಗುಚುವ ಕೈಯಷ್ಟೂ ಇರಲಿಲ್ಲ. ಪೆಡಲು ಇನ್ನೂ ವಿಚಿತ್ರ. ಅದಕ್ಕೆಂದೇ ಇರುವ ಬೂಟು ಹಾಕಿ ಅದರೊಳಗೆ ಸಿಕ್ಕಿಸಬೇಕಂತೆ, ನಾನು ಹವಾಯಿ ಚಪ್ಪಲಿಯಲ್ಲಿ ಹೋದವನು ಜಾರಿ ಕಾಲಿನ ಎಲುಬಿಗೆ ಹೊಡೆಸಿಕೊಂಡೆ. ಕೊಂಬಿನ ಹ್ಯಾಂಡಲನ್ನು ಹಿಡಿದರೆ ಮುಖ ನೆಲದ ಕಡೆಗೆ. ಎದುರು ಸಿಕ್ಕಿದ ಪರಿಚಯದವರಿಗೆ ನಮಸ್ಕಾರ ಹೇಳುವುದಕ್ಕಾಗದೆ, “ಸಾರ್ ಈಚೆಗೆ ಮುಖ ನೋಡುವುದಿಲ್ಲ” ಎಂಬ ಮಾತೂ ಊರಿನಲ್ಲಿ ಹುಟ್ಟಿತು.

ಪುತ್ತಿಗೆ ರಸ್ತೆಯಲ್ಲಿ ದೂಮಪ್ಪಣ್ಣನ ಸೈಕಲ್ ಶಾಪು ಇದೆ. ಅರುವತ್ತು ದಾಟಿದ ಮನುಷ್ಯ, ಸೈಕಲ್ಲಿನ ಜೊತೆಗೆ ಕೊಡೆಯನ್ನೂ ರಿಪೇರಿ ಮಾಡುತ್ತಾನೆ. ಮೊದಲು ಅವನಲ್ಲಿಗೆ ಹೋದದ್ದು ಪೆಡಲಿಗೆ. ಬೂಟಿನ ಪೆಡಲು ಕಳಚಿ ರಬ್ಬರಿನದು ಹಾಕಿಕೊಟ್ಟ. ಹದಿನೈದು ದಿನ ಬಿಟ್ಟು ಸೀಟಿಗೆ ಹೋದೆ. ಹಳೆಯ ಸೈಕಲ್ಲಿನ ಅಗಲದ ಸ್ಪ್ರಿಂಗ್ ಸೀಟು ಕೂರಿಸಿದ. ಏರಿ ಕೂತರೆ ಅಜ್ಜನ ಕಾಲದ ಆರಾಮ ಕುರ್ಚಿ. ಕತ್ತು ನೋವಿಗೆ ಹ್ಯಾಂಡಲಿನ ಕೆಳಗೆ ಬೇರೆ ಕಂಬ ಕೊಟ್ಟು ನಾಲ್ಕು ಬೆರಳು ಎತ್ತರಿಸಿದ. ಹಲ್ಲಿನ ಟಯರು ಡಾಂಬರಿನ ಮೇಲೆ ಜೇನುನೊಣದ ಹಾಗೆ ಗುಂಯ್‌ಗುಡುತ್ತದೆಂದು ನುಣ್ಣನೆಯ ಟಯರು ಹಾಕಿಸಿದೆ. ಅದರ ಫಲವಾಗಿ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಜಾರಿ ಬಿದ್ದೆ. ಆದರೆ ಆರಾಮವಾಗಿ ಬಿದ್ದೆ ಎಂದೇ ಹೇಳಬೇಕು, ಅಷ್ಟು ಮೆತ್ತಗಿನ ಸೀಟು. ಕಳಚಿದ ಒಂದೊಂದು ವಸ್ತುವನ್ನೂ ಬಟ್ಟೆಯಲ್ಲಿ ಸುತ್ತಿ, ಚೀಟಿ ಬರೆದು, ಅಟ್ಟದಲ್ಲಿ ಸಾಲಾಗಿ ಇಟ್ಟೆ. ಚೀಟಿ ಬರೆದ ಮೇಲೆ ನನ್ನ ಮನಸ್ಸಿನಲ್ಲಿ ಯಾವ ಅಪರಾಧವೂ ಉಳಿಯುವುದಿಲ್ಲ. ಗ್ರಂಥಾಲಯದವರ ದೊಡ್ಡ ದೋಷ ಇದು.

ಇನ್ನೊಂದು ದೋಷ ನಮ್ಮ ಕಡೆಯ ಪದ್ಧತಿಯದು. ನೆರೆಮನೆಯಿಂದ ಬಂದ ಪಾತ್ರೆಯನ್ನು ನಾವು ಬರಿದಾಗಿ ಹಿಂದಿರುಗಿಸುವುದಿಲ್ಲ. ಹಮೀದನ ತಾಯಿ ಆಸ್ಯಮ್ಮ ನಮ್ಮ ಮನೆಗೆಂದೇ ಬೇರೆ ಒಂದು ಸ್ಟೀಲಿನ ಡಬ್ಬಿ ಇಟ್ಟುಕೊಂಡಿದ್ದರು. ಹಬ್ಬಕ್ಕೆ ಅದರ ತುಂಬಾ ಖರ್ಜೂರ ಬರುತ್ತಿತ್ತು, ಅಮ್ಮ ಅದೇ ಡಬ್ಬಿಯಲ್ಲಿ ಎಳ್ಳುಂಡೆ ತುಂಬಿ ಕಳಿಸುತ್ತಿದ್ದಳು. ಏನೂ ಇಲ್ಲದ ದಿನ ಒಂದು ಅಚ್ಚು ಬೆಲ್ಲವಾದರೂ ಇರಬೇಕು. ಸೈಕಲ್ಲನ್ನೂ ಹೀಗೆಯೇ, ಏನಾದರೂ ಸೇರಿಸಿಯೇ ಹಿಂದಕ್ಕೆ ಕೊಡಬೇಕು ಎಂಬುದು ನನಗೆ ಖಚಿತವಾಗಿತ್ತು. ಹಾಗಾಗಿ ಬೆಲ್ ಹಾಕಿಸಿದೆ. ಮಡ್‌ಗಾರ್ಡ್ ಹಾಕಿಸಿದೆ. ಸ್ಟ್ಯಾಂಡು, ಹಿಂದೆ ಕ್ಯಾರಿಯರು, ಮುಂದೆ ತರಕಾರಿಗೆ ಬುಟ್ಟಿ. ಪ್ರತಿಯೊಂದನ್ನು ಹಾಕಿಸುವಾಗಲೂ ಹಮೀದನಿಗೆ ಎಷ್ಟು ಖುಷಿಯಾಗಬಹುದು ಎಂದು ಯೋಚಿಸುತ್ತಿದ್ದೆ. ಬುಟ್ಟಿಯಲ್ಲಿ ಹೋಗುತ್ತಿದ್ದುದು ನನ್ನ ತೊಂಡೆಕಾಯಿ ಎಂಬುದನ್ನು ಯೋಚಿಸುತ್ತಿರಲಿಲ್ಲ.

ಬುಟ್ಟಿ ಬಂದ ಮೇಲೆ ಹ್ಯಾಂಡಲಿನ ಕೆಳಗಿನ ಕೊಂಬು ತೊಂದರೆ ಕೊಡತೊಡಗಿತು. ತಿರುಗಿಸುವಾಗ ಮೊಣಕಾಲಿಗೆ ತಾಗುವುದು, ಚೀಲದ ಕಿವಿ ಸಿಕ್ಕಿಕೊಳ್ಳುವುದು, ಜಗಲಿಯಲ್ಲಿ ನಿಲ್ಲಿಸಿದರೆ ವಿಜಯಾಳ ಸೀರೆ ಹಿಡಿಯುವುದು. ಆ ಕೆಳಗಿನ ಭಾಗವನ್ನು ನಾನಂತೂ ಒಂದು ದಿನವೂ ಹಿಡಿದವನಲ್ಲ. ಬ್ರೇಕು ಇರುವುದು ಮೇಲೆ, ಕೈ ಇರುವುದು ಮೇಲೆ, ಕೆಳಗಿನದು ಬರೀ ಶೋಕಿ ಎಂದು ತೀರ್ಮಾನಿಸಿದೆ. ಅದನ್ನು ಕೊಯ್ಯಲು ಹೇಳಿದಾಗ ದೂಮಪ್ಪಣ್ಣ ಗರಗಸ ಕೈಯಲ್ಲಿ ಹಿಡಿದವನು ಅಲ್ಲೇ ತಡೆದ.

“ಸಾರ್, ಬೇರೆ ಎಲ್ಲ ತೆಗೆದದ್ದನ್ನು ಪುನಃ ಹಾಕಬಹುದು. ಇದು ಕೊಯ್ದರೆ ಮತ್ತೆ ಅಂಟುವುದಿಲ್ಲ.”

“ಗೊತ್ತುಂಟು ದೂಮಪ್ಪಣ್ಣ.”

“ಅವರ ಹತ್ತಿರ ಒಂದು ಮಾತು ಕೇಳಿದ್ದೀರಾ?”

“ಕೇಳಿದ್ದೇನೆ. ಅವನೇ ಹೇಳಿದ್ದು.”

ಯಾಕೆ ಹಾಗೆ ಹೇಳಿದೆನೋ ಈಗಲೂ ಅರ್ಥವಾಗುವುದಿಲ್ಲ. ಜೇಬಿನಲ್ಲಿ ಫೋನಿತ್ತು. ಕೇಳಿದರೆ ಅವನು ಬೇಡ ಎನ್ನುವವನೂ ಅಲ್ಲ, ನಕ್ಕು “ಸರಿ ಮಾರಾಯ” ಎನ್ನುವವನು. ಅಥವಾ ಬೇಡ ಎಂದಾನು ಎಂಬ ಸಣ್ಣ ಅಂಜಿಕೆ ಒಳಗೆಲ್ಲೋ ಇದ್ದಿರಬೇಕು, ಅದಕ್ಕೇ ಕೇಳಲಿಲ್ಲ. ಐದು ನಿಮಿಷದ ಕೆಲಸ. ಕೊಯ್ದ ಎರಡು ತುಂಡುಗಳನ್ನು ಕಾಗದದಲ್ಲಿ ಸುತ್ತಿ ದೂಮಪ್ಪಣ್ಣ ನನ್ನ ಕೈಗೆ ಕೊಟ್ಟ. ಅಲ್ಯುಮಿನಿಯಂನ ನಯವಾದ ಬಾಗು, ಬಿಸಾಡಲು ಮನಸ್ಸಾಗಲಿಲ್ಲ. ಜಗಲಿಯ ಗೋಡೆಗೆ ಸ್ಕ್ರೂ ಹೊಡೆಸಿ ಕೊಡೆ ನೇತುಹಾಕುವ ಕೊಕ್ಕೆ ಮಾಡಿಕೊಂಡೆ. ಬಂದವರೆಲ್ಲ ಮೆಚ್ಚಿದರು.

ಆಮೇಲಿನ ಒಂದೂವರೆ ವರ್ಷ ನಾನು ಸುಖವಾಗಿದ್ದೆ ಎಂಬುದನ್ನು ಮುಚ್ಚಿಡಲಾರೆ. ಬೆನ್ನು ನೇರ, ಕೈ ಹಗುರ, ಕಾಲು ನೆಲಕ್ಕೆ. ಎದುರು ಬಂದವರಿಗೆ ಒಂದು ಕೈಯಲ್ಲಿ ನಮಸ್ಕಾರ. ಒಂದು ಸಂಜೆ ಹಮೀದ್ ಫೋನ್ ಮಾಡಿದಾಗ ಸೈಕಲ್ ಈಗ ಎಷ್ಟು ಹಿತವಾಗಿದೆ ಎಂದು ಹೇಳತೊಡಗಿದವನು ಅರ್ಧ ಗಂಟೆ ನಿಲ್ಲಿಸಲಿಲ್ಲ. ನಡುವೆ ಅವನೂ ಏನೋ ಹೇಳಿದ, ಗೋದಾಮಿನಲ್ಲಿ ಏಣಿಯಿಂದ ಬಿದ್ದದ್ದು, ಕೈ, ಪ್ಲಾಸ್ಟರು ಎಂದೇನೋ. “ಹೌದಾ, ಜಾಗ್ರತೆ ಮಾರಾಯ” ಎಂದು ನಾನು ಮತ್ತೆ ಸ್ಪ್ರಿಂಗಿನ ಸೀಟಿಗೆ ಬಂದೆ.

ಈ ವರ್ಷ ಅವನು ಬಂದ. ಹತ್ತು ದಿನದ ರಜೆ, ಈ ಸಲ ಮದುವೆಯಿಲ್ಲ, ಕೋರ್ಟಿಲ್ಲ. “ಉಜಿರೆಗೆಂದೇ ಬಂದದ್ದು” ಎಂದು ವಿಮಾನ ನಿಲ್ದಾಣದಿಂದಲೇ ಫೋನ್ ಮಾಡಿದ. ಮರುದಿನ ನಮ್ಮ ಮನೆಗೆ ಬಂದಾಗ ಸಣ್ಣ ಹನಿಮಳೆ. ಜಗಲಿ ಹತ್ತಿ, ಕೊಡೆ ಮಡಚಿ, ಗೋಡೆಯ ಕೊಕ್ಕೆಗೆ ಸಿಕ್ಕಿಸಿದ. ಸಿಕ್ಕಿಸಿ, ಅದರ ಬಾಗಿನ ಮೇಲೆ ಬೆರಳಾಡಿಸಿದ.

“ಇದು ಒಳ್ಳೇದುಂಟು. ಎಲ್ಲಿ ಸಿಕ್ಕಿತು?”

ಹಮೀದ್ ಕೊಡೆಯನ್ನು ತೆಗೆದು ಕೊಕ್ಕೆಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಜಗಲಿಯ ತುದಿಯಲ್ಲಿದ್ದ ಸೈಕಲ್ಲನ್ನು ನೋಡಿದ. ಬುಟ್ಟಿಯಲ್ಲಿ ಅವತ್ತು ಬಸಳೆ ಇತ್ತು. ಅವನು ಹತ್ತಿರ ಹೋಗಿ ಬೆಲ್ಲನ್ನು ಒಮ್ಮೆ ಬಾರಿಸಿದ.

“ಚಂದ ಮಾಡಿದ್ದೀ ಮಾರಾಯ. ಮನೆಯ ಹಸುವಿನ ಹಾಗೆ ಆಗಿದೆ” ಎಂದ. ನಕ್ಕ ಕೂಡ. ಅವನು ಬೈದಿದ್ದರೆ ನನಗೆ ಮಾತಾಡಲು ಏನಾದರೂ ಇರುತ್ತಿತ್ತು. ನಾನು ಬೇಡದ್ದನ್ನೆಲ್ಲ ಹೇಳಿದೆ. ಮೊಣಕಾಲಿಗೆ ತಾಗುತ್ತಿತ್ತು, ಅದು ಉಪಯೋಗಕ್ಕೆ ಬರುತ್ತಿರಲಿಲ್ಲ, ಉಳಿದದ್ದೆಲ್ಲ ಅಟ್ಟದಲ್ಲಿ ಚೀಟಿ ಬರೆದು ಇಟ್ಟಿದ್ದೇನೆ. ಅವನು ತಲೆಯಾಡಿಸುತ್ತ ಕೇಳಿದ. ಆಗಲೇ ನಾನು ಅವನ ಬಲಗೈಯ ಮಣಿಕಟ್ಟನ್ನು ನೋಡಿದ್ದು. ಅದು ಒಂದು ಬದಿಗೆ ತಿರುಚಿಕೊಂಡಿತ್ತು.

“ಏಣಿಯಿಂದ ಬಿದ್ದದ್ದು. ಹೇಳಿದ್ದೆನಲ್ಲ ಫೋನಿನಲ್ಲಿ” ಎಂದ. “ಎಲುಬು ಸರಿ ಕೂರಲಿಲ್ಲ. ಅಂಗೈ ಕೆಳಗೆ ಮಾಡಿ ಊರಿದರೆ ನೋಯ್ತದೆ. ಕೊಂಬಿನ ಕೆಳಗೆ ಹಿಡಿದರೆ ಅಂಗೈ ಒಳಬದಿಗೆ ತಿರುಗಿ ಕೂರ್ತದೆ ನೋಡು, ಆಗ ಏನೂ ಗೊತ್ತಾಗುವುದಿಲ್ಲ. ಅಲ್ಲಿ ಒಬ್ಬರ ಸೈಕಲಲ್ಲಿ ಹಿಡಿದು ನೋಡಿಯೇ ಬಂದೆ. ಅದೂ ಹೇಳಿದ್ದೆ.”

ಹೇಳಿದ್ದ. ನಾನು ಸೀಟಿನ ಸ್ಪ್ರಿಂಗಿನ ಬಗ್ಗೆ ಹೇಳುತ್ತಿದ್ದೆ. ಪಾಪದವನು ಇಡೀ ಸೈಕಲ್ಲಿನಲ್ಲಿ ತನಗೆ ನೋಯದೆ ಹಿಡಿಯಲಾಗುವ ಜಾಗ ಒಂದಾದರೂ ಇದೆಯೆಂದು ನೆಮ್ಮದಿಯಿಂದ ಬಂದಿದ್ದ, ಆ ಜಾಗದಲ್ಲಿ ನಾನು ಕೊಡೆ ನೇತುಹಾಕಿದ್ದೆ.

ಆದರೂ ಮರುದಿನ ಬೆಳಗ್ಗೆ ಹೊರಟೆವು. ಹೊರಡುವ ಎಂದು ಅವನೇ ಒತ್ತಾಯಿಸಿದ. ನನಗೆಂದು ದೂಮಪ್ಪಣ್ಣನಿಂದ ಒಂದು ಹಳೆಯ ಸೈಕಲ್ ತಂದಿದ್ದೆ. ಗಾಳಿ ಹೊಡೆಸಲು ಅವನ ಅಂಗಡಿಗೆ ಹೋದಾಗ ದೂಮಪ್ಪಣ್ಣ ಹಮೀದನನ್ನು ಕಂಡು, “ನೀವು ಹೇಳಿದ ಹಾಗೆಯೇ ಸರಿಯಾಗಿ ಕೊಯ್ದಿದ್ದೇನೆ ಸಾರ್, ಅಳತೆ ತಪ್ಪಲಿಲ್ಲ” ಎಂದ. ಹಮೀದ್ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ “ಹೌದು ದೂಮಪ್ಪಣ್ಣ, ಒಳ್ಳೇದಾಗಿದೆ” ಎಂದ. ನನ್ನ ಸುಳ್ಳನ್ನು ಅವನು ಎರಡನೆಯ ಮಾತಿಲ್ಲದೆ ತನ್ನ ಹೆಗಲಿಗೆ ಹಾಕಿಕೊಂಡ. ಅಲ್ಲಿಂದ ಎರಡು ಕಿಲೋಮೀಟರ್ ಹೋಗಿರಬಹುದು. ಒಂದು ಬಸ್ ತಂಗುದಾಣದ ಹತ್ತಿರ ಅವನು ನಿಲ್ಲಿಸಿ ಕಲ್ಲುಬೆಂಚಿನಲ್ಲಿ ಕೂತು ಮಣಿಕಟ್ಟು ಉಜ್ಜತೊಡಗಿದ. ಹಣೆ ಬೆವರಿತ್ತು. ನಾನು ಅವನ ಪಕ್ಕ ಕೂತೆ. ಕ್ಷಮಿಸು ಎಂಬ ಶಬ್ದ ನಮ್ಮಿಬ್ಬರ ನಡುವೆ ಯಾವತ್ತೂ ಬಳಕೆಯಲ್ಲಿ ಇಲ್ಲದ್ದರಿಂದ, “ಬಸಳೆಗೆ ಬುಟ್ಟಿಯೇ ಬೇಕಾಗಿರಲಿಲ್ಲ, ಚೀಲ ಸಾಕಿತ್ತು” ಎಂದೆ. “ಹೌದು ಮಾರಾಯ” ಎಂದು ಅವನೂ ಒಪ್ಪಿಕೊಂಡ.

ಸೈಕಲ್ ತಳ್ಳಿಕೊಂಡು ಮನೆಗೆ ಬಂದು, ಬಸ್ಸಿನಲ್ಲಿ ಹೊರಟೆವು. ವೇಣೂರು ದಾಟುವಾಗ ಹಮೀದ್ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಇಲ್ಲಿಂದ ಆಚೆ ನಾವು ನೋಡಿಯೇ ಇಲ್ಲ ಅಲ್ವಾ” ಎಂದ. ನಾವಿಬ್ಬರೂ ಆ ರಸ್ತೆಯಲ್ಲಿ ನೂರು ಸಲವಾದರೂ ಓಡಾಡಿದವರು, ಅವನು ಹೇಳಿದ್ದು ಅದಲ್ಲ. ಪ್ರತಿ ಏರಿಗೆ “ಇಲ್ಲಿ ಇಳಿದು ತಳ್ಳಬೇಕಿತ್ತು” ಎಂದೂ, ಪ್ರತಿ ಇಳಿಜಾರಿಗೆ “ಇಲ್ಲಿ ಪೆಡಲು ಬೇಡ, ಸುಮ್ಮನೆ ಕೂತರೆ ಸಾಕು” ಎಂದೂ ಹೇಳುತ್ತಿದ್ದ. ಉಜಿರೆಯಲ್ಲಿ ಇಳಿದೆವು. ಕಾಲೇಜಿನ ಹುಡುಗರ ಗದ್ದಲದಲ್ಲಿ ಹತ್ತು ನಿಮಿಷ ನಿಂತು, ಮಾಡಲು ಏನೂ ಇಲ್ಲದೆ ಬೇರೆ ಬಸ್ಸು ಹತ್ತಿದೆವು. ಕಲ್ಲಡ್ಕದಲ್ಲಿ ಚಾ ಕುಡಿದೆವು. ಚಾ ಚೆನ್ನಾಗಿತ್ತು. ಬಿಸಿಲು ಇಳಿಯುವ ಮೊದಲೇ ಹಮೀದ್ ನನ್ನನ್ನು ಎಬ್ಬಿಸಿದ. “ನಡಿ, ನಿನಗೆ ಊಟಕ್ಕೆ ಹೊತ್ತಾಗ್ತದೆ.”

ಹೊಸ ಹ್ಯಾಂಡಲು ತರಿಸಲು ನಾನು ಅವತ್ತೇ ಹೇಳಿದ್ದೆ. ಅದು ಬಂದಾಗ ಹಮೀದ್ ವಾಪಸು ಹೋಗಿ ಒಂದು ವಾರ ಆಗಿತ್ತು. ದೂಮಪ್ಪಣ್ಣನ ಮುಂದೆ ಕೂತು ಎಲ್ಲವನ್ನೂ ಕಳಚಿಸಿದೆ. ಬುಟ್ಟಿ, ಕ್ಯಾರಿಯರು, ಮಡ್‌ಗಾರ್ಡ್, ಸ್ಟ್ಯಾಂಡು. ಅಟ್ಟದಿಂದ ಹಳೆಯ ಸೀಟು, ಹಳೆಯ ಟಯರು ಇಳಿದುವು. ಒಂದೊಂದು ಚೀಟಿ ಬಿಚ್ಚುವಾಗಲೂ ನನ್ನದೇ ಗುಂಡಗಿನ ಅಕ್ಷರ ನೋಡಿ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಸೀಟಿನ ಎತ್ತರ ಮಾತ್ರ ಎಲ್ಲೂ ಬರೆದಿರಲಿಲ್ಲ, ಕೆಂಪು ಟೇಪಿನ ಗುರುತನ್ನು ಸೀಮೆಎಣ್ಣೆಯಲ್ಲಿ ಒರೆಸಿದವನು ನಾನೇ. ಫೋನ್ ಮಾಡಿ ಕೇಳಿದೆ. ಹಮೀದ್ ಸ್ವಲ್ಪ ಯೋಚಿಸಿ, “ನಿನಗೆ ಕಾಲು ನೆಲಕ್ಕೆ ಸಿಗದಷ್ಟು ಎತ್ತರ ಇಟ್ಟರೆ ಅದೇ ನನ್ನ ಅಳತೆ” ಎಂದ. ಹಾಗೆಯೇ ಇಡಿಸಿ ಫೋಟೊ ತೆಗೆದು ಕಳಿಸಿದೆ.

ಫೋಟೊ ನೋಡಿ ಅವನು ಸಂಜೆ ಮಾತಾಡಿದ. ಕೈಗೆ ಆಪರೇಷನ್ ಆಗಬೇಕಂತೆ, ಆದ ಮೇಲೂ ಹ್ಯಾಂಡಲ್ ಹಿಡಿದು ದೂರ ಹೋಗುವುದು ಬೇಡ ಎಂದಿದ್ದಾರಂತೆ. “ಇನ್ನು ಸೈಕಲ್ ಎಲ್ಲ ಸಾಕು ಮಾರಾಯ. ಅದನ್ನು ನೀನೇ ಇಟ್ಟುಕೋ, ನಿನಗೆ ಬೇಕಾದ ಹಾಗೆ ಮಾಡಿಸಿಕೋ. ಮುಂದಿನ ಸಲ ನಿನ್ನ ಸ್ಕೂಟರಲ್ಲಿ ಹೋಗುವ, ನಾನು ಹಿಂದೆ ಕೂತುಕೊಳ್ತೇನೆ” ಎಂದ. ಅವನ ಧ್ವನಿಯಲ್ಲಿ ಕೊಂಕು ಇತ್ತೇ ಎಂದು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ವಾರಕ್ಕೆ ಎರಡು ಸಲ ಈಗಲೂ ಪುತ್ತಿಗೆಗೆ ಹೋಗಿಬರುತ್ತೇನೆ. ಕತ್ತು ನೋಯುತ್ತದೆ, ಬೆನ್ನು ನೋಯುತ್ತದೆ, ಕೂರುವ ಜಾಗದ ವಿಷಯ ಹೇಳುವುದೇ ಬೇಡ. ಎಲ್ಲಕ್ಕಿಂತ ಕಷ್ಟ ಇಳಿಯುವುದು. ಕಾಲು ನೆಲಕ್ಕೆ ಸಿಗದವನಿಗೆ ಕಾಲಿಡಲು ಒಂದು ಮೋರಿಕಟ್ಟೆಯೋ ಮೈಲುಗಲ್ಲೋ ಬೇಕು. ನಮ್ಮ ಗೇಟಿನ ಮುಂದೆ ಅಂಥದ್ದು ಯಾವುದೂ ಇಲ್ಲ. ವಿಜಯಾ ಗೇಟು ತೆರೆದು ನಿಂತಿರುತ್ತಾಳೆ, ನಾನು ಅವಳ ಮುಂದೆಯೇ “ಈಗ ಬಂದೆ” ಎಂದು ಹೇಳುತ್ತಾ ಹಾದುಹೋಗಿ, ಮುಂದಿನ ತಿರುವಿನ ಮೋರಿಕಟ್ಟೆಯ ಮೇಲೆ ಇಳಿದು, ಸೈಕಲ್ ತಳ್ಳಿಕೊಂಡು ವಾಪಸು ಬರುತ್ತೇನೆ. ಮೊನ್ನೆ ಅವಳಿಗೆ ತಡೆಯಲಾಗಲಿಲ್ಲ. “ಸೈಕಲ್ ಈಗ ನಿಮ್ಮದೇ ಅಲ್ವಾ? ಆ ಸೀಟನ್ನು ಎರಡು ಇಂಚು ಇಳಿಸಿದರೆ ನಿಮ್ಮ ಗಂಟೇನು ಹೋಗ್ತದೆ?” ಎಂದು ಕೇಳಿದಳು.

“ಇಳಿಸಬಹುದು” ಎಂದೆ. “ಹಮೀದನ ಹತ್ತಿರ ಒಂದು ಮಾತು ಕೇಳಬೇಕು.”